ಹಿಂದಿನ ಸೀಟಿಗೆ ಮಾತು ಮುಟ್ಟಬೇಕು: ಕಾರಿಗೆ ರಿಯರ್ ಸ್ಪೀಕರ್ ಹಾಕಿಸೋ ಮುಂಚೆ

ಇವತ್ತಿನ ಕಂತು ಬಹಳ ಮಂದಿ ಕೇಳೋ ಒಂದು ಪ್ರಶ್ನೆಯ ಬಗ್ಗೆ. "ನಮ್ಮ ಕಾರಿನಾಗ ಮುಂದಷ್ಟ ಎರಡು ಸ್ಪೀಕರ್ ಅದಾವ್ರಿ, ಹಿಂದ ಇಲ್ಲ. ಹೊರಗಿಂದ ತಂದು ಹಾಕಿಸಿದ್ರ ನಡಿತೈತೇನು? ಎಷ್ಟು ವಾಟಿಂದು ಹಾಕಿಸ್ಬೇಕು?" ಉತ್ತರ ಕೊಡೋದಕ್ಕೆ ಮೊದಲು ನಮ್ಮ ಮನೆ ಕಾರಿನ ಕಥೆ ಹೇಳ್ತೀನಿ. ಇದನ್ನ ನಾನು ಕಲಿತಿದ್ದು ಎರಡು ಸಲ ದುಡ್ಡು ಕೊಟ್ಟು, ಒಂದು ಸಲ ಬೆವರು ಹರಿಸಿ.

ನಮ್ಮೂರು ಮುಶಿಗೇರಿ. ಮೊದಲು ರೋಣ ತಾಲ್ಲೂಕಿನಾಗ ಇತ್ತು, ಈಗ ಗಜೇಂದ್ರಗಡ ತಾಲ್ಲೂಕು. ಎರೆಮಣ್ಣಿನ ಊರು. ಬೇಸಿಗೆಯಲ್ಲಿ ಧೂಳು, ಮಳೆ ಬಿದ್ದರೆ ಕಾಲಿಗೆ ಅಂಟೋ ಕೆಸರು. ಮನೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ಇದೆ, ಬೇಸ್ ವೇರಿಯಂಟ್. ಮುಂದಿನ ಎರಡು ಬಾಗಿಲಲ್ಲಿ ಎರಡು ಸ್ಪೀಕರ್, ಹಿಂದಿನ ಬಾಗಿಲಲ್ಲಿ ಬರೀ ಪ್ಲಾಸ್ಟಿಕ್ ಜಾಳಿಗೆ. ಜಾಳಿಗೆ ನೋಡಿದವರು ಒಳಗೆ ಸ್ಪೀಕರ್ ಇದೆ ಅಂದ್ಕೋತಾರೆ. ಇರೋದಿಲ್ಲ.

ಅವ್ವಗೆ ಎಪ್ಪತ್ತು ದಾಟಿದೆ. ತಿಂಗಳಿಗೊಮ್ಮೆ ಗದಗಕ್ಕೆ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗ್ತೀನಿ. ಮೊಣಕಾಲು ನೋವು ಇರೋದ್ರಿಂದ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂಡ್ತಾಳೆ. ಕಿವಿ ಸ್ವಲ್ಪ ಮಂದ. ದಾರಿಯುದ್ದಕ್ಕೂ ದಾಸರ ಪದ ಬೇಕು, ತತ್ವಪದ ಬೇಕು. ನಾನು ಹಚ್ಚಿದರೆ ಹಿಂದಿನಿಂದ ದನಿ ಬರ್ತಿತ್ತು: "ಯಪ್ಪಾ, ಬರೇ ಗುಂಯ್ ಅಂತೈತಿ, ಮಾತ ತಿಳಿವಲ್ದು. ಸ್ವಲ್ಪ ದೊಡ್ಡದು ಮಾಡೋ." ನಾನು ವಾಲ್ಯೂಮ್ ಏರಿಸ್ತಿದ್ದೆ. ಮತ್ತೆ ಹತ್ತು ನಿಮಿಷಕ್ಕೆ ಅದೇ ಮಾತು. ಮತ್ತೆ ಏರಿಸ್ತಿದ್ದೆ.

ಒಂದು ಸಂಜೆ ಗದಗದಿಂದ ವಾಪಸ್ ಬರುವಾಗ ಡೆಕ್ಕಿನ ಅಂಕಿ 28ಕ್ಕೆ ಹೋಗಿತ್ತು. ಕಿಟಕಿ ಎಲ್ಲಾ ಮುಚ್ಚಿತ್ತು. ಕನ್ನಡಿಯಲ್ಲಿ ಬೆಳಕು ಮಿಣಮಿಣ ಅಂದಿದ್ದು ನೋಡಿ ತಿರುಗಿದರೆ, ನನ್ನ ಬೆನ್ನಿಗೆ 108 ಆಂಬುಲೆನ್ಸ್. ಸೈರನ್ ಹೊಡೀತಾ ಎಷ್ಟು ಹೊತ್ತಿನಿಂದ ನನ್ನ ಹಿಂದೆ ಇತ್ತೋ ಗೊತ್ತಿಲ್ಲ. ಗಾಬರಿಯಿಂದ ಪಕ್ಕಕ್ಕೆ ತಗೊಂಡೆ, ಅದು ಮುಂದೆ ಹೋಯ್ತು. ಒಳಗೆ ಯಾರಿದ್ದರೋ, ಯಾವ ಸ್ಥಿತಿಯಲ್ಲಿದ್ದರೋ. ಅವತ್ತು ರಾತ್ರಿ ಊಟ ಸೇರಲಿಲ್ಲ. ಅವ್ವಗೆ ಹಾಡು ಕೇಳಿಸೋಕೆ ಹೋಗಿ ನಾನು ರಸ್ತೆಗೆ ಕಿವುಡ ಆಗಿದ್ದೆ.

ರಿಯರ್ ಸ್ಪೀಕರ್ ಹಾಕಿಸಬೇಕು ಅಂತ ತೀರ್ಮಾನ ಮಾಡಿದ್ದು ಅವತ್ತೇ. ಶೋಕಿಗೆ ಹಾಕಿಸೋದಾಗಿದ್ದರೆ ಬಹುಶಃ ಇಷ್ಟು ತಲೆ ಕೆಡಿಸ್ಕೋತಿರಲಿಲ್ಲ.

ಮೊದಲು ಒಂದು ವಿಷಯ ತಿಳ್ಕೊಳ್ಳೋಣ. ಮುಂದೆ ವಾಲ್ಯೂಮ್ ಏರಿಸಿದರೂ ಹಿಂದೆ ಮಾತು ಯಾಕೆ ತಿಳಿಯೋದಿಲ್ಲ? ಇದರಲ್ಲಿ ಅವ್ವನ ಕಿವಿಯ ತಪ್ಪು ಅರ್ಧ, ಸೀಟಿನ ತಪ್ಪು ಅರ್ಧ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ದಪ್ಪ ದನಿ, ಅಂದ್ರೆ ಡೊಳ್ಳಿನಂಥ 100 ಹರ್ಟ್ಸ್ ಶಬ್ದದ ಒಂದು ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್. ತೆಳು ದನಿ, ತಾಳದ ಕಿಣಿಕಿಣಿ, 5,000 ಹರ್ಟ್ಸ್ ಇದ್ದರೆ ಅಲೆಯ ಉದ್ದ ಬರೀ ಏಳು ಸೆಂಟಿಮೀಟರ್. ಮುಂದಿನ ಸೀಟಿನ ಅಗಲ ಎಷ್ಟು? ಸುಮಾರು ಅರ್ಧ ಮೀಟರ್. ಮೂರೂವರೆ ಮೀಟರಿನ ಅಲೆಗೆ ಸೀಟು ಲೆಕ್ಕಕ್ಕೇ ಇಲ್ಲ, ಸುತ್ತುವರಿದು ಹಿಂದಕ್ಕೆ ಹೋಗುತ್ತದೆ. ಏಳು ಸೆಂಟಿಮೀಟರಿನ ಅಲೆಗೆ ಅದೇ ಸೀಟು ದೊಡ್ಡ ಗ್ವಾಡೆ ಇದ್ದಂಗೆ. ಅದರ ಮೇಲೆ ಸೀಟಿನ ಸ್ಪಂಜು, ಬಟ್ಟೆ ತೆಳು ದನಿಯನ್ನ ಕುಡಿದುಬಿಡುತ್ತವೆ. ಮುಂದಿನ ಸ್ಪೀಕರ್ ಇರೋದು ನಮ್ಮ ಮೊಣಕಾಲಿನ ಹತ್ತಿರ. ಅಲ್ಲಿಂದ ಹೊರಟ ತೆಳು ದನಿ ಸೀಟಿನ ಬೆನ್ನಿಗೆ ಬಡಿದು ಅಲ್ಲೇ ಮುಗಿಯುತ್ತದೆ.

ಮಾತಿನಲ್ಲಿ ಸ್ವರಗಳ ಬಲ ಇರೋದು ಹೆಚ್ಚಾಗಿ ಕೆಳಗಿನ, ನಡುವಿನ ದನಿಯಲ್ಲಿ. ಆದರೆ 'ಸ'ನೋ 'ಶ'ನೋ, 'ತ'ನೋ 'ಕ'ನೋ ಅಂತ ಗುರುತು ಹಿಡಿಯೋದು ಮೇಲಿನ ತೆಳು ದನಿಯಿಂದ. ವಯಸ್ಸಾದಂತೆ ಕಿವಿ ಮೊದಲು ಕಳ್ಕೊಳ್ಳೋದು ಈ ಮೇಲಿನ ದನಿಯನ್ನೇ. ಅಂದ್ರೆ ಅವ್ವಗೆ ಯಾವುದು ಹೆಚ್ಚು ಬೇಕಿತ್ತೋ ಅದನ್ನೇ ಸೀಟು ತಡೀತಿತ್ತು, ಬೇಡವಾದ ಗುಂಯ್ ಮಾತ್ರ ಹಿಂದಕ್ಕೆ ಹೋಗ್ತಿತ್ತು. ನಾನು ವಾಲ್ಯೂಮ್ ಏರಿಸಿದಾಗ ಏರಿದ್ದು ಆ ಗುಂಯ್.

ನಮ್ಮ ಭಾಗದವರಿಗೆ ಒಂದು ಉದಾಹರಣೆ ಸುಲಭವಾಗಿ ಹೊಳೆಯುತ್ತದೆ. ಪಂಡಿತ ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ನಮ್ಮ ರೋಣದಲ್ಲಿ. ಗದಗಿನಲ್ಲಿ ಹುಡುಗ ಆಗಿದ್ದಾಗ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ರೆಕಾರ್ಡ್ ಕೇಳಿ ಹಾಡಿನ ಹುಚ್ಚು ಹತ್ತಿದ್ದು ಎಲ್ಲರಿಗೂ ಗೊತ್ತಿರೋ ಸಂಗತಿ. ಆ ಕಾಲದ ಗ್ರಾಮಫೋನಿನಲ್ಲಿ ಎದಿ ನಡುಗಿಸೋ ಬಾಸ್ ಎಲ್ಲಿಂದ ಬರಬೇಕು? ಗಾಯಕನ ದನಿ ಮಾತ್ರ ನೇರ ಕೇಳೋರ ಕಿವಿಗೆ ಬರ್ತಿತ್ತು. ಹಿಂದಿನ ಸೀಟಿನವರಿಗೂ ಅಷ್ಟೇ ಬೇಕು. ಅವರ ಹತ್ತಿರ ಒಂದು ಸಣ್ಣ ಸ್ಪೀಕರ್, ನಡುವೆ ಅಡ್ಡ ಇಲ್ಲದಂಗೆ.

ಸರಿ, ನಾನು ಒಂದು ಅಂಗಡಿಗೆ ಹೋದೆ. ಯಾವ ಊರು, ಯಾವ ಅಂಗಡಿ ಅನ್ನೋದು ಬೇಡ. ಡಬ್ಬಿ ಮೇಲೆ "300 ವಾಟ್" ಅಂತ ದೊಡ್ಡ ಅಕ್ಷರದಲ್ಲಿ ಇದ್ದ ಒಂದು ಜೋಡಿ ಕೊಟ್ಟರು. ಒಂದು ತಾಸಿನಲ್ಲಿ ಹಾಕಿ ಕಳಿಸಿದರು. ಮನೆಗೆ ಬರೋವರೆಗೆ ಚಲೋ ಇತ್ತು. ಮಾರನೇ ವಾರ ಬಿಸಿಲಲ್ಲಿ ಹೊರಟಾಗ ಡೆಕ್ಕು ತಾನೇ ಬಂದ್ ಆಗೋಕೆ ಶುರುವಾಯ್ತು. ಐದು ನಿಮಿಷ ಬಿಟ್ಟರೆ ಮತ್ತೆ ಚಾಲೂ, ದನಿ ಏರಿಸಿದರೆ ಮತ್ತೆ ಬಂದ್. ತಿರುಗಿ ಅಂಗಡಿಗೆ ಹೋದರೆ, "ಡೆಕ್ಕಿಗೆ ತಾಕತ್ತಿಲ್ರಿ, ಆಂಪ್ಲಿಫೈಯರ್ ಹಾಕಿಸ್ರಿ" ಅಂತ ಇನ್ನೊಂದು ಬಿಲ್ ಬರೆದರು. ಅದನ್ನೂ ಹಾಕಿಸಿದೆ. ಅದೇ ನನ್ನ ಎರಡನೇ ದುಡ್ಡು. ಅದಾದ ಮೇಲೂ ಮಾತು ತಿಳಿಯಲಿಲ್ಲ, ಮ್ಯಾಲಿಂದ ಬಾಗಿಲು ದಡದಡ ಅನ್ನೋಕೆ ಹತ್ತಿತು.

ನಮ್ಮ ಕಾಕಾನ ಮಗ ಎಲೆಕ್ಟ್ರಿಷಿಯನ್. ಪಂಪ್‌ಸೆಟ್, ಮನೆ ವೈರಿಂಗ್ ಅವನ ಉದ್ಯೋಗ. ಒಂದು ಭಾನುವಾರ ಮನೆ ಮುಂದಿನ ಬೇವಿನ ಗಿಡದ ನೆರಳಲ್ಲಿ ಕಾರು ನಿಲ್ಲಿಸಿ ಇಬ್ಬರೂ ಬಾಗಿಲು ಬಿಚ್ಚಿದೆವು. ಅವನು ಒಳಗೆ ನೋಡಿ ಹೇಳಿದ್ದು ಒಂದೇ ಮಾತು: "ಅಣ್ಣಾ, ನಮ್ಮ ಹೊಲದ ಬೋರ್‌ವೆಲ್ಲಿಗೆ ಹಿಂಗ ವೈರ್ ಎಳದಿದ್ರ ನೀ ನನ್ನ ಬೈದು ಮನಿಗೆ ಕಳಸ್ತಿದ್ದಿ."

ಏನೇನು ತಪ್ಪಾಗಿತ್ತು ಅಂತ ಒಂದೊಂದಾಗಿ ಹೇಳ್ತೀನಿ. ನಿಮ್ಮ ಕಾರಿನಲ್ಲೂ ಇವೇ ಇರಬಹುದು.

ಒಂದು, ಹಿಂದಿನ ಸ್ಪೀಕರಿನ ವೈರನ್ನ ಮೊದಲ ಸಲ ಮುಂದಿನ ಸ್ಪೀಕರಿನ ವೈರಿಗೇ ತಿರುವಿ, ಟೇಪ್ ಸುತ್ತಿದ್ದರು. ಕೆಲಸ ಸುಲಭ, ಡೆಕ್ ಬಿಚ್ಚೋ ತಾಪತ್ರಯ ಇಲ್ಲ. ಆದರೆ ಕಾರಿನ ಸ್ಪೀಕರ್ ಸಾಮಾನ್ಯವಾಗಿ 4 ಓಮ್. ಎರಡನ್ನ ಹಂಗೆ ಪಕ್ಕ ಪಕ್ಕ ಜೋಡಿಸಿದರೆ ಡೆಕ್ಕಿಗೆ ಕಾಣೋದು 2 ಓಮ್. ಎರಡು ಪಟ್ಟು ಕರೆಂಟ್ ಎಳೆಯುತ್ತದೆ. ಬಹಳಷ್ಟು ಡೆಕ್ಕಿನ ಒಳಗಿನ ಚಿಪ್ ಅದಕ್ಕೆ ತಯಾರಾಗಿರೋದಿಲ್ಲ, ಕಾಯುತ್ತದೆ, ತನ್ನನ್ನ ಉಳಿಸಿಕೊಳ್ಳೋಕೆ ಬಂದ್ ಆಗುತ್ತದೆ. ನಮ್ಮ ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡ್ ಮೊದಲೇ ಕಾದಿರುತ್ತದೆ, ಇನ್ನೂ ಬೇಗ ಬಂದ್. ಡೆಕ್ಕಿಗೆ ತಾಕತ್ತು ಇಲ್ಲದ್ದು ರೋಗ ಆಗಿರಲಿಲ್ಲ, ಜೋಡಣೆ ತಪ್ಪಾಗಿತ್ತು.

ಎರಡು, ಬಾಗಿಲು ಮತ್ತು ಕಂಬದ ನಡುವೆ ಒಂದು ರಬ್ಬರ್ ಬೂಟ್ ಇರುತ್ತದೆ, ಸುಕ್ಕುಸುಕ್ಕಾದ ಕೊಳವೆ. ವೈರ್ ಅದರೊಳಗೇ ಹೋಗಬೇಕು. ಇಲ್ಲಿ ಕೀಲಿನ ಪಕ್ಕ ಹೊರಗೇ ಎಳೆದಿದ್ದರು. ಪ್ರತಿ ಸಲ ಬಾಗಿಲು ಹಾಕಿದಾಗ ವೈರ್ ಚಪ್ಪಟೆಯಾಗಿ, ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಕಾಣ್ತಿತ್ತು. ಇದು ಕಾರಿನ ತಗಡಿಗೆ ತಾಗಿದರೆ ಏನಾಗುತ್ತೆ? ಮನೆಯ ಹಳೇ ರೇಡಿಯೋದಲ್ಲಿ ಸ್ಪೀಕರಿನ ಒಂದು ತುದಿ ನೆಲಕ್ಕೆ ಅಂದ್ರೆ ಅರ್ಥಿಗೆ ಸೇರಿರಬಹುದಿತ್ತು. ಈಗಿನ ಡೆಕ್ಕುಗಳಲ್ಲಿ ಹಂಗಿಲ್ಲ. ಸ್ಪೀಕರಿನ ಪ್ಲಸ್, ಮೈನಸ್ ಎರಡೂ ಜೀವ ಇರೋ ತುದಿಗಳೇ. ಎರಡರಲ್ಲಿ ಯಾವುದೂ ಬಾಡಿಗೆ ತಾಗಬಾರದು. ತಾಗಿದರೆ ಚಿಪ್ ಸುಡಬಹುದು.

ಮೂರು, ಎಲ್ಲಕ್ಕಿಂತ ಅಪಾಯದ್ದು. ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ನೇರ ಎಳೆದ ದಪ್ಪ ವೈರಿಗೆ ಬ್ಯಾಟರಿ ಹತ್ತಿರ ಫ್ಯೂಸೇ ಇರಲಿಲ್ಲ. ಕಾರಿನ ಬ್ಯಾಟರಿ 12 ವೋಲ್ಟ್ ತಾನೇ, ಕೈಗೆ ಶಾಕ್ ಹೊಡೆಯೋದಿಲ್ಲ ಅಂತ ಹಗುರಾಗಿ ತಗೋಬೇಡಿ. ಶಾರ್ಟ್ ಆದರೆ ಅದು ನೂರಾರು ಆಂಪ್ ಕೊಡಬಲ್ಲದು. ವೈರು ಕೆಂಪಗೆ ಕಾದು, ಕಾರ್ಪೆಟ್ ಕೆಳಗೆ ಬೆಂಕಿ ಹತ್ತೋಕೆ ಅಷ್ಟು ಸಾಕು. ಆ ವೈರ್ ಹೋಗಿದ್ದು ಅವ್ವ ಕಾಲು ಚಾಚೋ ಜಾಗದ ಕೆಳಗೇ. ಫ್ಯೂಸ್ ಇರೋದು ಆಂಪ್ಲಿಫೈಯರ್ ಉಳಿಸೋಕೆ ಅಂತ ಬಹಳ ಮಂದಿ ತಿಳ್ಕೊಂಡಿದ್ದಾರೆ. ಅದು ಮುಖ್ಯವಾಗಿ ವೈರನ್ನ ಉಳಿಸೋಕೆ. ಅದಕ್ಕೇ ಅದು ಬ್ಯಾಟರಿಯಿಂದ ಒಂದು, ಒಂದೂವರೆ ಅಡಿಯೊಳಗೆ ಇರಬೇಕು. ದೂರದಲ್ಲಿ ಆಂಪ್ಲಿಫೈಯರ್ ಪಕ್ಕ ಹಾಕಿದರೆ ನಡುವಿನ ವೈರಿಗೆ ಕಾವಲು ಇರೋದಿಲ್ಲ.

ಆ ಆಂಪ್ಲಿಫೈಯರ್ ಬಿಚ್ಚಿ ಇಟ್ಟೆವು. ನಮಗೆ ಅದರ ಅವಶ್ಯಕತೆಯೇ ಇರಲಿಲ್ಲ. ಯಾಕೆ ಅಂತ ತಿಳಿಯೋಕೆ ಈ ವಾಟಿನ ಲೆಕ್ಕ ಸ್ವಲ್ಪ ನೋಡೋಣ.

ಡೆಕ್ಕಿನ ಡಬ್ಬಿ ಮೇಲೆ "50 ವಾಟ್ × 4" ಅಂತ ಇರುತ್ತದೆ. ಕೂಡಿಸಿದರೆ 200 ವಾಟ್. ನನ್ನ ಡೆಕ್ಕಿನ ಬೆನ್ನಿಗೆ ಇದ್ದ ಫ್ಯೂಸ್ 10 ಆಂಪ್. ಇಂಜಿನ್ ಚಾಲೂ ಇದ್ದಾಗ ಕಾರಿನಲ್ಲಿ ಸಿಗೋದು ಹೆಚ್ಚೆಂದರೆ 14.4 ವೋಲ್ಟ್. ಗುಣಿಸಿದರೆ 144 ವಾಟ್. ಒಳಗೆ ಹೋಗೋದೇ 144, ಹೊರಗೆ 200 ಹೇಗೆ ನಿರಂತರ ಬರುತ್ತೆ? ಬರೋದಿಲ್ಲ. 4 ಓಮ್ ಸ್ಪೀಕರಿಗೆ 14.4 ವೋಲ್ಟಿನಿಂದ ಶುದ್ಧ ದನಿಯಲ್ಲಿ ಕೊಡೋಕೆ ಸಾಧ್ಯ ಇರೋದು, ಲೆಕ್ಕದ ಪ್ರಕಾರ 26 ವಾಟ್ ಮಾತ್ರ. ಚಿಪ್ಪಿನ ಒಳಗಿನ ನಷ್ಟ ಕಳೆದರೆ ಸುಮಾರು 20. ಹೊರಗಿನ ಆಂಪ್ಲಿಫೈಯರ್ ಇಲ್ಲದ ಸಾಮಾನ್ಯ ಡೆಕ್ಕುಗಳ ಹಣೆಬರಹ ಇದೇ. ಸ್ಪೀಕರಿನ ಮೇಲೆ ಬರೆದ 300 ವಾಟ್ ಏನು ಹಾಗಾದರೆ? ಅದು ಒಂದು ಕ್ಷಣ ತಡ್ಕೊಳ್ಳೋ ಗರಿಷ್ಠ ಅಂಕಿ, ದನಿಯ ಅಳತೆ ಅಲ್ಲವೇ ಅಲ್ಲ. ಹತ್ತು ಚೀಲ ಹೊರೋ ಚಕ್ಕಡಿ ತಂದಿಟ್ಟರೆ ಕಡಲೆ ಹತ್ತು ಚೀಲ ಬೆಳೆಯೋದಿಲ್ಲವಲ್ಲ.

ಕೊಳ್ಳುವಾಗ ನೋಡಬೇಕಾದ ಅಂಕಿ ಎರಡು. ಒಂದು ಆರ್‌ಎಂಎಸ್ ವಾಟ್, ಅಂದ್ರೆ ನಿರಂತರವಾಗಿ ತಡ್ಕೊಳ್ಳೋ ಶಕ್ತಿ. 30–50 ಇದ್ದರೆ ಡೆಕ್ಕಿಗೆ ಧಾರಾಳ. ಇನ್ನೊಂದು ಸೆನ್ಸಿಟಿವಿಟಿ, ಡೆಸಿಬಲ್‌ನಲ್ಲಿ ಬರೆದಿರುತ್ತಾರೆ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ದನಿ ಅನ್ನೋ ಅಳತೆ ಅದು. 89 ಇರೋದಕ್ಕಿಂತ 92 ಇರೋದು 3 ಡೆಸಿಬಲ್ ಹೆಚ್ಚು. 3 ಡೆಸಿಬಲ್ ಅಂದ್ರೆ ಡೆಕ್ಕಿನ ಶಕ್ತಿ ಎರಡು ಪಟ್ಟು ಆದಂಗೆ. ಪುಕ್ಕಟೆ ಸಿಕ್ಕ ಆಂಪ್ಲಿಫೈಯರ್ ಅಂತ ತಿಳ್ಕೋರಿ. ಕಿವಿಗೆ ದನಿ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು, ಹಂಗಾಗಿ ವಾಟಿನ ಬೆನ್ನು ಹತ್ತೋದಕ್ಕಿಂತ ಈ ಅಂಕಿ ನೋಡೋದು ಜಾಣತನ.

ಹಿಂದಿನ ಬಾಗಿಲಿಗೆ ಕೋಆಕ್ಸಿಯಲ್ ಸಾಕು. ದೊಡ್ಡ ಕೋನಿನ ನಡುವೆಯೇ ಸಣ್ಣ ಟ್ವೀಟರ್ ಕೂತಿರುತ್ತದೆ. ಮಾತು ತಿಳಿಸೋದು ಆ ಟ್ವೀಟರ್. ಅದನ್ನ ಬೇರೆಯಾಗಿ ಕೊಡೋ ದುಬಾರಿ ಕಾಂಪೊನೆಂಟ್ ಸೆಟ್ ಇದ್ದರೆ ಮುಂದಕ್ಕೆ ಹಾಕಿಸಿರಿ. ಇನ್ನು ಡಿಕ್ಕಿಯ ಮೇಲಿನ ಪಾರ್ಸೆಲ್ ಟ್ರೇ ಮೇಲೆ 6×9 ಇಂಚಿನ ಅಂಡಾಕಾರದ ಸ್ಪೀಕರ್ ಇಡೋ ರೂಢಿ ಬಹಳ ಇದೆ. ಸೆಡಾನ್ ಕಾರಿನಲ್ಲಿ ಆ ಟ್ರೇ ಬಾಡಿಯ ತಗಡಿಗೇ ಇರುತ್ತದೆ, ಗಟ್ಟಿ. ಸಣ್ಣ ಹ್ಯಾಚ್‌ಬ್ಯಾಕಿನಲ್ಲಿ ಅದು ಎತ್ತಿ ತೆಗೆಯೋ ಹಲಗೆ ಅಷ್ಟೇ. ಜೋರಾಗಿ ಬ್ರೇಕ್ ಹೊಡೆದರೆ ಅಥವಾ ಎಲ್ಲಾದರೂ ಗುದ್ದಿದರೆ ಆ ಭಾರದ ಸ್ಪೀಕರ್ ಹಿಂದೆ ಕೂತವರ ತಲೆಗೇ ಬರುತ್ತದೆ. ಬಾಗಿಲಿನ ಜಾಗ ಇದ್ದರೆ ಬಾಗಿಲೇ ಲೇಸು.

ಈಗ ಹಾಕೋ ಕೆಲಸ. ನೀವೇ ಮಾಡದಿದ್ದರೂ, ಮಾಡಿಸುವಾಗ ಪಕ್ಕ ನಿಂತು ನೋಡೋಕೆ ಇದು ಗೊತ್ತಿರಲಿ.

ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಮೈನಸ್ ತುದಿ ಬಿಚ್ಚಬೇಕು. ಹಳದಿ ಬಣ್ಣದ ಕಪ್ಲರ್ ಕಂಡರೆ ಮುಟ್ಟಬಾರದು, ಅದು ಏರ್‌ಬ್ಯಾಗಿನದು. ಆಮೇಲೆ ಬಾಗಿಲಿನ ಒಳಗಿನ ಹಲಗೆ ತೆಗೆಯೋದು. ಹಿಡಿಕೆ ಹಿಂದೆ, ಕೈ ಇಡೋ ಜಾಗದಲ್ಲಿ ಸ್ಕ್ರೂ ಅಡಗಿರುತ್ತವೆ. ಅವನ್ನ ತೆಗೆಯದೆ ಎಳೆದರೆ ಹಲಗೆ ಸೀಳುತ್ತದೆ. ಸುತ್ತ ಪ್ಲಾಸ್ಟಿಕ್ ಕ್ಲಿಪ್ ಇರುತ್ತವೆ, ಕಬ್ಬಿಣದ ಸ್ಕ್ರೂಡ್ರೈವರ್ ಬದಲು ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿದರೆ ಬಣ್ಣ ಕೆತ್ತೋದಿಲ್ಲ. ಎರಡು ಮೂರು ಕ್ಲಿಪ್ ಮುರಿಯೋದು ಸಹಜ, ಹೊಸವು ಮೊದಲೇ ತಂದಿಟ್ಟುಕೊಳ್ಳಿ. ಕಡಿಮೆ ಕ್ಲಿಪ್ಪಿನಲ್ಲಿ ಕೂಡಿಸಿದ ಹಲಗೆಯೇ ಮುಂದೆ ದಡದಡ ಅನ್ನೋದು.

ಹಲಗೆ ತೆಗೆದರೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ನಮ್ಮ ಬಾಗಿಲಲ್ಲಿ ಅದನ್ನ ಹರಿದು ಬಿಸಾಕಿದ್ದರು. ಅದು ಕಸ ಅಲ್ರೀ. ಮಳೆ ನೀರು ಗಾಜಿನ ಸಂದಿಯಿಂದ ಬಾಗಿಲಿನ ಒಳಗೆ ಇಳಿಯೋದು ಸಹಜ, ಕೆಳಗಿನ ತೂತುಗಳಿಂದ ಹೊರಗೆ ಹೋಗುತ್ತದೆ. ಆ ನೀರು ಕಾರಿನ ಒಳಗೆ ಬರದಂತೆ ತಡೆಯೋದೇ ಈ ಹಾಳೆ. ನಾವು ದಪ್ಪ ಪ್ಲಾಸ್ಟಿಕ್ ತಂದು, ಅಂಟೋ ಬ್ಯುಟೈಲ್ ಟೇಪಿನಿಂದ ಹೊಸದು ಮಾಡಿದೆವು. ಕೆಳಗಿನ ತೂತುಗಳಲ್ಲಿ ಎರೆಮಣ್ಣಿನ ಧೂಳು ಗಟ್ಟಿಯಾಗಿ ಕೂತಿತ್ತು, ತಂತಿ ಹಾಕಿ ಬಿಡಿಸಿದೆವು. ನಮ್ಮ ಕಡೆಯವರು ಇದನ್ನ ಮರೀಬಾರದು. ತೂತು ಕಟ್ಟಿದರೆ ಬಾಗಿಲಲ್ಲೇ ನೀರು ನಿಂತು ತಗಡು ತುಕ್ಕು ಹಿಡಿಯುತ್ತದೆ, ಸ್ಪೀಕರ್ ನೆನೆಯುತ್ತದೆ. ಇದೇ ಕಾರಣಕ್ಕೆ ಕೋನು ಕಾಗದದ್ದಕ್ಕಿಂತ ಪಾಲಿಪ್ರೊಪಿಲೀನ್ ಆಗಿದ್ದರೆ ವಾಸಿ.

ಸ್ಪೀಕರಿನ ಆಳ ಅಳೆಯೋದು ಗಾಜು ಪೂರ್ತಿ ಇಳಿಸಿ. ಇಳಿದ ಗಾಜು ಬಾಗಿಲಿನ ಒಳಗೇ ಬರುತ್ತದೆ. ಗಾಜು ಏರಿಸಿ ಅಳೆದು, ಆಮೇಲೆ ಇಳಿಸಿದಾಗ ಮ್ಯಾಗ್ನೆಟ್ಟಿಗೆ ಬಡಿದು ಗಾಜು ಒಡೆದವರು ಇದ್ದಾರೆ. ಆಳ ಸಾಲದಿದ್ದರೆ ನಡುವೆ ಒಂದು ಬಳೆ, ಅಂದ್ರೆ ಸ್ಪೇಸರ್ ಹಾಕಬೇಕು. ಎಂಡಿಎಫ್ ಹಲಗೆಯ ಬಳೆ ನೀರು ತಾಗಿದರೆ ಉಬ್ಬುತ್ತದೆ. ಪ್ಲಾಸ್ಟಿಕ್ಕಿನದು ಅಥವಾ ಬಣ್ಣ ಹೊಡೆದ ಒಳ್ಳೆ ಪ್ಲೈವುಡ್ ಇರಲಿ.

ಮುಂದಿನದು ಎಲ್ಲಕ್ಕಿಂತ ಕಡಿಮೆ ಖರ್ಚಿನ, ಹೆಚ್ಚು ಲಾಭದ ಕೆಲಸ. ಸ್ಪೀಕರಿನ ಕೋನು ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ತೆಳುವಾಗುತ್ತದೆ. ಅಂಚಿನಲ್ಲಿ ಸಂದಿ ಇದ್ದರೆ ಇವೆರಡೂ ಅಲ್ಲೇ ಕೂಡಿ ಒಂದನ್ನೊಂದು ಹೊಡೆದುಹಾಕುತ್ತವೆ. ದಪ್ಪ ದನಿ ಮಾಯ. ಸ್ಪೀಕರ್ ಕೈಯಲ್ಲಿ ಹಿಡಿದು ನುಡಿಸಿ ನೋಡ್ರಿ, ಪೀಪಿಯಂತೆ ಕೇಳಿಸುತ್ತದೆ. ಅದನ್ನೇ ತೂತಿರೋ ರಟ್ಟಿನ ಡಬ್ಬಿಗೆ ಒತ್ತಿ ಹಿಡೀರಿ, ದನಿ ತುಂಬಿ ಬರುತ್ತದೆ. ಹಂಗಾಗಿ ಸ್ಪೀಕರಿನ ಸುತ್ತ ಫೋಮ್ ಪಟ್ಟಿ ಹಾಕಿ, ನಾಲ್ಕೂ ಸ್ಕ್ರೂ ಬಿಗಿಯಾಗಿ ಕೂಡಿಸಬೇಕು. ನಮ್ಮಲ್ಲಿ ಎರಡೇ ಸ್ಕ್ರೂ ಇದ್ದವು, ಅದರಲ್ಲಿ ಒಂದು ಸಡಿಲ.

ವೈರು. ಡೆಕ್ಕಿನಿಂದ ಪ್ರತಿ ಸ್ಪೀಕರಿಗೆ ತನ್ನದೇ ಜೋಡಿ ವೈರ್ ಬರಬೇಕು. ಹೊರಗೆ ಕೊಳ್ಳೋ ಬಹುತೇಕ ಡೆಕ್ಕುಗಳಲ್ಲಿ ಹಸಿರು ಬಣ್ಣದ ಜೋಡಿ ಹಿಂದಿನ ಎಡಕ್ಕೆ, ನೇರಳೆ ಜೋಡಿ ಹಿಂದಿನ ಬಲಕ್ಕೆ. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ. ಕಪ್ಪು ಗೆರೆ ಇರೋದು ಮೈನಸ್. ಕಾರಿನ ಜೊತೆಗೇ ಬಂದ ಕಂಪನಿ ಡೆಕ್ಕಿನಲ್ಲಿ ಈ ಬಣ್ಣ ಬೇರೆ ಇರುತ್ತವೆ, ಕಾರಿನ ನಕ್ಷೆ ನೋಡಿಯೇ ಹಾಕಬೇಕು. ಕೆಲವು ಕಾರುಗಳಲ್ಲಿ ಹಿಂದಿನ ಬಾಗಿಲವರೆಗೆ ವೈರ್ ಮೊದಲೇ ಎಳೆದಿರುತ್ತಾರೆ, ಕಪ್ಲರ್ ಹುಡುಕಿ ನೋಡ್ರಿ. ಇದ್ದರೆ ನಿಮ್ಮ ಅರ್ಧ ಕೆಲಸ ಮುಗೀತು. ಇಲ್ಲದಿದ್ದರೂ ಕಂಪನಿ ವೈರ್ ಕತ್ತರಿಸದೆ, ಆ ಕಾರಿಗೆ ಹೊಂದೋ ಕಪ್ಲರ್ ತಂದು ಜೋಡಿಸಿದರೆ ಮುಂದೆ ವಾರಂಟಿ ತಕರಾರು ಬರೋದು ಕಡಿಮೆ.

ಡೆಕ್ಕಿನಲ್ಲಿ ಹಿಂದಿನ ಸ್ಪೀಕರಿನ ತುದಿಗಳೇ ಇಲ್ಲದಿದ್ದರೆ? ಸೆಟ್ಟಿಂಗಿನಲ್ಲಿ 'ಫೇಡರ್' ಅನ್ನೋದು ಇದೆಯೋ ಇಲ್ಲವೋ ನೋಡ್ರಿ. ಇಲ್ಲ ಅಂದ್ರೆ ಬಹುಶಃ ಅದು ಎರಡೇ ಸ್ಪೀಕರಿನ ಡೆಕ್ಕು. ಆಗ ನಾಲ್ಕು ಚಾನೆಲಿನ ಡೆಕ್ಕು ಹಾಕಿಸಬೇಕು, ಇಲ್ಲಾ ಫ್ಯೂಸ್ ಸಮೇತ ಸರಿಯಾಗಿ ಒಂದು ಸಣ್ಣ ಆಂಪ್ಲಿಫೈಯರ್. ನಮ್ಮ ಡೆಕ್ಕಿನಲ್ಲಿ ಹಸಿರು, ನೇರಳೆ ವೈರುಗಳು ಟೇಪ್ ಸುತ್ತಿಕೊಂಡು ಹಂಗೇ ಮಲಗಿದ್ದವು. ಯಾರೂ ಮುಟ್ಟಿರಲಿಲ್ಲ.

ವೈರಿನ ದಪ್ಪ ಒಂದು ಚದರ ಮಿಲಿಮೀಟರ್ ಇದ್ದರೆ ಸಾಕು. ಐದು ಮೀಟರ್ ದೂರಕ್ಕೆ ಹೋಗಿ ಬರೋ ಹತ್ತು ಮೀಟರಿನ ತಡೆ ಸುಮಾರು 0.17 ಓಮ್. 4 ಓಮಿನ ಮುಂದೆ ಅದು ಏನೂ ಅಲ್ಲ. ಚಿನ್ನದ ಬಣ್ಣದ ದುಬಾರಿ ವೈರ್ ಬೇಡ. ಆದರೆ ತಾಮ್ರದ್ದೇ ಇರಲಿ. ತುದಿ ಚಾಕುವಿನಿಂದ ಕೆರೆದು ನೋಡ್ರಿ, ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಅಂತ ಅರ್ಥ. ಹಂಗೆ ಅದೇ ರಬ್ಬರ್ ಬೂಟಿನೊಳಗೆ ವೈರ್ ತೂರಿಸೋಕೆ ನಮ್ಮ ತಮ್ಮ ಸೈಕಲ್ಲಿನ ಹಳೇ ಬ್ರೇಕ್ ತಂತಿ ಬಳಸಿದ. ಮೊದಲು ತಂತಿ ತೂರಿಸಿ, ಅದರ ತುದಿಗೆ ವೈರ್ ಕಟ್ಟಿ ಎಳೆದರೆ ಬಂತು.

ಕಡೆಯದಾಗಿ ಪ್ಲಸ್, ಮೈನಸ್. ಸ್ಪೀಕರಿನಲ್ಲಿ ಅಗಲ ಇರೋ ತಗಡಿನ ತುದಿ ಪ್ಲಸ್. ಒಂದು ಸ್ಪೀಕರ್ ಉಲ್ಟಾ ಆದರೆ ಒಂದು ಗಾಳಿ ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಹಾಡುವವರ ದನಿ ಎಲ್ಲಿಂದ ಬರ್ತಿದೆ ಅಂತಲೇ ತಿಳಿಯೋದಿಲ್ಲ, ದಪ್ಪ ದನಿ ಬತ್ತುತ್ತದೆ. ಅನುಮಾನ ಇದ್ದರೆ ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ತಗೊಂಡು, ಡೆಕ್ಕಿನಿಂದ ಬಿಚ್ಚಿದ ವೈರಿನ ತುದಿಗೆ ಒಂದು ಕ್ಷಣ ತಾಗಿಸಿ. ಪ್ಲಸ್ಸಿಗೆ ಪ್ಲಸ್ ಆಗಿದ್ದರೆ ಕೋನು ಹೊರಗೆ ಜಿಗಿಯುತ್ತದೆ. ನಮ್ಮ ಎಡಗಡೆಯದು ಒಳಗೆ ಹೋಯ್ತು. ಅಷ್ಟು ದಿನ ಉಲ್ಟಾನೇ ಹಾಡ್ತಿತ್ತು.

ಕೂಡಿಸಿದ ಮೇಲೆ ಹೊಂದಿಸೋದು. ಡೆಕ್ಕಿನಲ್ಲಿ ಹೈ ಪಾಸ್ ಫಿಲ್ಟರ್ ಇದ್ದರೆ ಹಿಂದಿನದಕ್ಕೆ 80 ಅಥವಾ 100 ಹರ್ಟ್ಸ್ ಇಡಿ. ದಪ್ಪ ದನಿ ಮುಂದಿನಿಂದ ಹೆಂಗೂ ಬರುತ್ತದೆ, ಹಿಂದಿನದು ಮಾತು ನೋಡಿಕೊಂಡರೆ ಸಾಕು. ಸಣ್ಣ ಕೋನಿಗೂ ಹೊರೆ ತಪ್ಪುತ್ತದೆ. ಮುಂದಿನ ದನಿ, ಹಿಂದಿನ ದನಿ ಬೇರೆ ಬೇರೆ ಹೊತ್ತಿಗೆ ಬಂದು ಪ್ರತಿಧ್ವನಿ ಆಗೋದಿಲ್ಲವಾ ಅಂತ ಕೆಲವರು ಕೇಳ್ತಾರೆ. ಶಬ್ದ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಹೋಗುತ್ತದೆ, ಕಾರಿನೊಳಗೆ ವ್ಯತ್ಯಾಸ ಬರೋದು ಕೆಲವೇ ಮಿಲಿಸೆಕೆಂಡ್. ಅಷ್ಟು ಸಣ್ಣ ಅಂತರವನ್ನ ಕಿವಿ ಒಂದೇ ದನಿ ಅಂತ ಕೂಡಿಸಿಕೊಳ್ಳುತ್ತದೆ ಅಂತ ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲೇ ತೋರಿಸಿದ್ದಾರೆ.

ಫೇಡರ್ ಹೊಂದಿಸೋಕೆ ಇಬ್ಬರು ಬೇಕು. ಮೊದಲು ಪೂರ್ತಿ ಮುಂದಕ್ಕೆ ಇಟ್ಟು ಚಾಲಕನಿಗೆ ಸಾಕು ಅನ್ನೋಷ್ಟು ದನಿ ಇಡಿ. ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಸಿ. ಹಿಂದೆ ಕೂತವರು "ಹಾಂ, ಮಾತ ತಿಳಿತು" ಅಂದ ತಕ್ಷಣ ನಿಲ್ಲಿಸಿ. ಹಾಡಿನ ಬದಲು ಸುದ್ದಿ ಅಥವಾ ಮಾತಿನ ಕಾರ್ಯಕ್ರಮ ಹಚ್ಚಿ ಪರೀಕ್ಷೆ ಮಾಡಿದರೆ ಮೋಸ ಇಲ್ಲ. ನಾನು ಧಾರವಾಡ ಆಕಾಶವಾಣಿಯ ಸುದ್ದಿ ಹಚ್ಚಿದ್ದೆ. ಅವ್ವ ಸುದ್ದಿ ಓದೋರ ಜೊತೆ ಜೊತೆಗೇ ಒಂದು ವಾಕ್ಯ ತಿರುಗಿ ಹೇಳಿದಳು. ಡೆಕ್ಕಿನ ಅಂಕಿ ನೋಡಿದೆ, 13.

ಎರಡು ಕಾಗದದ ಕೆಲಸ ಹೇಳಿ ಮುಗಿಸ್ತೀನಿ. ಕಂಪನಿಯಿಂದ ಬಂದ ಬೆಲೆಯಲ್ಲಿ ಸೇರದ, ಹೊರಗೆ ಹಾಕಿಸಿದ ಡೆಕ್ಕು, ಸ್ಪೀಕರ್ ಇವನ್ನ ಇನ್ಶೂರೆನ್ಸಿನವರು ಎಲೆಕ್ಟ್ರಿಕಲ್ ಆಕ್ಸೆಸರೀಸ್ ಅಂತ ಬೇರೆಯಾಗಿ ನೋಡ್ತಾರೆ. ಪಾಲಿಸಿ ಮಾಡಿಸುವಾಗ ಬಿಲ್ ತೋರಿಸಿ, ಬೆಲೆ ಬರೆಸಿ, ಅದಕ್ಕೆ ಪ್ರೀಮಿಯಂ ಕಟ್ಟಬೇಕು. ಬರೆಸದಿದ್ದರೆ ಕಳುವಾದಾಗ ಕೈಗೆ ಬರೋದು ಕಷ್ಟ. ಪಕ್ಕಾ ಬಿಲ್ ತಗೊಳ್ಳಿ. ಇನ್ನೊಂದು, 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಇರೋ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದ್ರೆ 10 ಗಂಟೆಯಿಂದ ಬೆಳಿಗ್ಗೆ 6. ಜಾತ್ರೆಗೆ ಹೋದಾಗ ನಾಲ್ಕೂ ಬಾಗಿಲು ತೆರೆದಿಟ್ಟು ಹಚ್ಚೋರು ಇದನ್ನ ನೆನಪಿಡಿ. ಕಾರಿನೊಳಗೂ 85 ಡೆಸಿಬಲ್ ದಾಟಿ ದಿನಾ ತಾಸುಗಟ್ಟಲೆ ಕೇಳಿದರೆ ಕಿವಿ ಹೋಗೋದು ನಿಮ್ಮದೇ.

ನಮ್ಮ ಎರಡನೇ ಸಲದ ಖರ್ಚು ಹೇಳಿಬಿಡ್ತೀನಿ. ಸ್ಪೀಕರ್ ಅದೇ ಹಳೇವೇ, 300 ವಾಟಿನ ಡಬ್ಬಿಯವು. ವೈರು, ಫೋಮ್ ಪಟ್ಟಿ, ಟೇಪು, ಕ್ಲಿಪ್ಪು, ಸ್ಪೇಸರ್ ಕೂಡಿ ಸಾವಿರ ರೂಪಾಯಿ ಒಳಗೆ ಆಯ್ತು. ತಮ್ಮ ಕೂಲಿ ತಗೊಳ್ಳಲಿಲ್ಲ, ಮಧ್ಯಾಹ್ನ ಅವ್ವ ಮಾಡಿದ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು ಹೋದ.

ಹೋದ ತಿಂಗಳು ಗದಗದಿಂದ ಬರುವಾಗ ಹಿಂದೆ ಸೈರನ್ ಕೇಳಿಸಿತು. ಬಹಳ ದೂರದಲ್ಲಿತ್ತು, ಕನ್ನಡಿಯಲ್ಲಿ ಇನ್ನೂ ಬೆಳಕು ಕಂಡಿರಲಿಲ್ಲ. ಆರಾಮಾಗಿ ಪಕ್ಕಕ್ಕೆ ತಗೊಂಡು ನಿಲ್ಲಿಸಿದೆ. ಹಿಂದಿನ ಸೀಟಿನಿಂದ ಅವ್ವ, "ಯಾಕೋ ನಿಂತಿ?" ಅಂದಳು. ಆಂಬುಲೆನ್ಸ್ ಹಾದು ಹೋದ ಮೇಲೆ ಕೈ ಮುಗಿದು, "ಹಾಡ ಹಚ್ಚು ಮತ್ತ" ಅಂದಳು.

ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಯಾರು ಕೂಡ್ತಾರೆ, ಅವರಿಗೆ ಏನು ಕೇಳಿಸ್ತಿಲ್ಲ, ಮೊದಲು ಅವರನ್ನೇ ಕೇಳ್ರಿ. ಅಂಗಡಿಗೆ ಹೋಗೋದು ಆಮೇಲೆ.